ಪಿಜ್: ಒಂದು ಕಿಲೋವ್ಯಾಟ್‌ನ ಹಳ್ಳಿ ಟಿ.ವಿ.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ನಡಿಯಾದ್ ಪೇಟೆಯ ಹತ್ತಿರ ಪಿಜ್ ಎಂಬ ಊರಿದೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ಪಿಜ್‌ನಲ್ಲಿ ಟಿ.ವಿ. ಟವರ್ ಎದ್ದಿತ್ತು. ಸುತ್ತಲಿನ ಹಳ್ಳಿಗಳ ರೈತರು ಸಂಜೆ ತಮ್ಮ ಚರೋತರ ಸೀಮೆಯ ಗುಜರಾತಿಯಲ್ಲೇ ಕಾರ್ಯಕ್ರಮ ನೋಡುತ್ತಿದ್ದರು. ಇಷ್ಟಕ್ಕೆಲ್ಲ ಸಾಕಾದದ್ದು 1 ಕಿಲೋವ್ಯಾಟ್‌ನ ಒಂದು ಟ್ರಾನ್ಸ್‌ಮಿಟರ್. ಮನೆಯ ಇಸ್ತ್ರಿ ಪೆಟ್ಟಿಗೆ ಎಳೆಯುವ ವಿದ್ಯುತ್ತೂ ಹೆಚ್ಚುಕಡಿಮೆ ಅಷ್ಟೇ.

ಇಷ್ಟು ಕಡಿಮೆ ಶಕ್ತಿಯಲ್ಲಿ ಟಿ.ವಿ. ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಟಿ.ವಿ.ಯ ಅಲೆಗಳು ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ದಾರಿ ಹಿಡಿಯುತ್ತವೆ. ರೇಡಿಯೊದ ಮಧ್ಯಮ ತರಂಗಗಳು ನೆಲವನ್ನು ಅನುಸರಿಸಿ ಬಹಳ ದೂರ ಹೋಗುತ್ತವೆ, ಇವು ಹೋಗುವುದಿಲ್ಲ. ಭೂಮಿ ಗುಂಡಗಿರುವುದರಿಂದ ಸ್ವಲ್ಪ ದೂರದಲ್ಲಿ ನೆಲ ಕೆಳಗೆ ಬಾಗುತ್ತದೆ, ಅಲೆ ಮೇಲಕ್ಕೆ ಹೊರಟುಹೋಗುತ್ತದೆ. ಹಾಗಾಗಿ ಒಂದು ಕೇಂದ್ರ ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕೆ ಶಕ್ತಿಯಷ್ಟೇ ಟವರಿನ ಎತ್ತರವೂ ಮುಖ್ಯ. 25 ಮೀಟರ್ ಎತ್ತರದ ಆಂಟೆನಾಕ್ಕೆ ದಿಗಂತ ಸುಮಾರು 20 ಕಿಲೋಮೀಟರ್ ದೂರದಲ್ಲಿದ್ದರೆ, 100 ಮೀಟರ್ ಎತ್ತರದ್ದಕ್ಕೆ ಸುಮಾರು 40 ಕಿಲೋಮೀಟರ್. ಎತ್ತರ ನಾಲ್ಕು ಪಟ್ಟಾದಾಗ ದೂರ ಎರಡು ಪಟ್ಟಾಯಿತು. ತೇರಿನ ತುದಿಗೆ ಹತ್ತಿದವನಿಗೆ ಬೀದಿಯಲ್ಲಿ ನಿಂತವನಿಗಿಂತ ದೂರದ ಊರು ಕಾಣುವ ಹಾಗೆಯೇ ಇದು. ಖೇಡಾ ಬಯಲು ಸೀಮೆ. ಅಲೆಗೆ ಅಡ್ಡ ಬರುವ ಗುಡ್ಡಗಳಿಲ್ಲದ ಅಂಥ ಜಾಗ ಸಣ್ಣ ಕೇಂದ್ರಕ್ಕೆ ಹೇಳಿ ಮಾಡಿಸಿದಂಥದ್ದು. ಅದೇ ಟ್ರಾನ್ಸ್‌ಮಿಟರನ್ನು ನಮ್ಮ ಮಲೆನಾಡಿನ ಕಣಿವೆಯೊಂದರಲ್ಲಿ ಇಟ್ಟಿದ್ದರೆ ಪಕ್ಕದ ಗುಡ್ಡದ ಆಚೆಯ ಊರಿಗೆ ಚಿತ್ರ ಕಾಣುವುದೇ ಕಷ್ಟವಾಗುತ್ತಿತ್ತು.

ದೂರ ಹೋದಷ್ಟೂ ಸೊರಗುವ ಆ ಅಲೆಯನ್ನು ಹಿಡಿಯುವ ಕೆಲಸ ಮನೆಯ ಮೇಲಿನ ಆಂಟೆನಾದ್ದು. ಮೀನಿನ ಮುಳ್ಳಿನಂತೆ ಸಾಲಾಗಿ ಕಡ್ಡಿಗಳಿರುವ ಈ ಆಂಟೆನಾವನ್ನು 1920ರ ದಶಕದಲ್ಲಿ ರೂಪಿಸಿದವರು ಜಪಾನಿನ ಯಾಗಿ ಮತ್ತು ಉದಾ. ಕಡ್ಡಿಯ ಉದ್ದ ಅಲೆಯ ಉದ್ದದ ಅರ್ಧದಷ್ಟಿರಬೇಕು. 200 ಮೆಗಾಹರ್ಟ್ಸ್ ಆಸುಪಾಸಿನ ಚಾನೆಲ್ಲಿಗೆ ಅದು ಮುಕ್ಕಾಲು ಮೀಟರ್, ಅಂದರೆ ಎರಡೂವರೆ ಅಡಿ. ಒಂದೇ ದಿಕ್ಕಿನಿಂದ ಬರುವುದನ್ನು ಚೆನ್ನಾಗಿ ಹಿಡಿಯುವುದು ಇದರ ಗುಣ. ಗಾಳಿಗೆ ಸ್ವಲ್ಪ ತಿರುಗಿದರೂ ಪರದೆಯ ತುಂಬ ಚುಕ್ಕೆ ಬೀಳುತ್ತಿದ್ದದ್ದು ಅದರಿಂದಲೇ. ಒಬ್ಬರು ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ಇನ್ನೊಬ್ಬರು ಒಳಗಿನಿಂದ "ಬಂತು, ಬಂತು, ಅಲ್ಲೇ ನಿಲ್ಲಿಸು" ಎಂದು ಕೂಗುವುದು ಎಂಬತ್ತರ ದಶಕದ ಎಷ್ಟೋ ಮನೆಗಳಲ್ಲಿ ನಡೆದ ಕೆಲಸ.

ಪಿಜ್‌ಗೆ ಈ ಟ್ರಾನ್ಸ್‌ಮಿಟರ್ ಬಂದ ಕಥೆ ಬಾಹ್ಯಾಕಾಶದಿಂದ ಶುರುವಾಗುತ್ತದೆ, ಅದರಲ್ಲಿ ಕರ್ನಾಟಕಕ್ಕೂ ಪಾಲಿದೆ. ಉಪಗ್ರಹದ ಮೂಲಕ ನೇರವಾಗಿ ಹಳ್ಳಿಗಳಿಗೆ ಟಿ.ವಿ. ಮುಟ್ಟಿಸಬೇಕು ಎಂಬುದು ವಿಕ್ರಮ್ ಸಾರಾಭಾಯಿ ಅವರ ಕನಸು. ಅವರು ತೀರಿಕೊಂಡದ್ದು 1971ರ ಡಿಸೆಂಬರಿನಲ್ಲಿ. ಕನಸು ಕಾರ್ಯಕ್ಕೆ ಬಂದದ್ದು 1975ರ ಆಗಸ್ಟ್ 1ರಂದು, ನಾಸಾದಿಂದ ಒಂದು ವರ್ಷಕ್ಕೆ ಎರವಲು ತಂದ ಎಟಿಎಸ್-6 ಉಪಗ್ರಹದ ಬಲದಿಂದ. 'ಸೈಟ್' ಎಂದು ಹೆಸರಾದ ಈ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯದ ಟಿ.ವಿ. ಸೆಟ್ಟುಗಳನ್ನು ಕೊಟ್ಟರು. ಕೋಳಿಗೂಡಿಗೆ ಹೊದಿಸುವಂಥ ತಂತಿ ಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಡಿಶ್‌ಗಳನ್ನು ಸೆಟ್ಟಿನ ಪಕ್ಕದಲ್ಲೇ ನಿಲ್ಲಿಸಿದರು. ನಮ್ಮ ಗುಲ್ಬರ್ಗಾ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳೂ ಆ ಪಟ್ಟಿಯಲ್ಲಿದ್ದವು, ಅವಕ್ಕೆ ಕನ್ನಡದಲ್ಲಿ ಕಾರ್ಯಕ್ರಮ ಬರುತ್ತಿತ್ತು. ಪಿಜ್‌ನ ಟ್ರಾನ್ಸ್‌ಮಿಟರ್ ಎದ್ದದ್ದೂ ಇದೇ ಪ್ರಯೋಗದ ಜೊತೆಗೇ.

1976ರ ಜುಲೈ 31ಕ್ಕೆ ವರ್ಷ ಮುಗಿಯಿತು, ಉಪಗ್ರಹವನ್ನು ಹಿಂದಿರುಗಿಸಬೇಕಾಯಿತು. ಡಿಶ್‌ನ ಸೆಟ್ಟುಗಳು ಅಂದಿಗೆ ಖಾಲಿ. ಪಿಜ್ ಮಾತ್ರ ನಿಲ್ಲಲಿಲ್ಲ, ಏಕೆಂದರೆ ಅದರ ಟ್ರಾನ್ಸ್‌ಮಿಟರ್ ನೆಲದ ಮೇಲಿತ್ತು. ಎರವಲು ತಂದ ಉಪಗ್ರಹಕ್ಕೂ ಊರಿನಲ್ಲೇ ನಿಂತ ಸಣ್ಣ ಯಂತ್ರಕ್ಕೂ ಇರುವ ವ್ಯತ್ಯಾಸ ಇದಕ್ಕಿಂತ ಚೆನ್ನಾಗಿ ತಿಳಿಯುವ ಸಂದರ್ಭ ನಮ್ಮ ಪ್ರಸಾರದ ಇತಿಹಾಸದಲ್ಲಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಸೈಟ್ ಹಳ್ಳಿಗಳನ್ನು ಹಾಗೇ ಬಿಡಬಾರದೆಂದು ಗುಲ್ಬರ್ಗಾದಲ್ಲೂ 1977ರಲ್ಲಿ ನೆಲದ ಟ್ರಾನ್ಸ್‌ಮಿಟರ್ ಬಂತು. ಕರ್ನಾಟಕಕ್ಕೆ ಟವರಿನ ಟಿ.ವಿ. ಬಂದದ್ದು ರಾಜಧಾನಿಗಿಂತ ಮೊದಲು ಕಲ್ಯಾಣ ಕರ್ನಾಟಕಕ್ಕೆ ಎಂಬುದು ಹೊಸ ತಲೆಮಾರಿನ ಬಹಳ ಜನಕ್ಕೆ ಗೊತ್ತಿಲ್ಲ.

ಪಿಜ್‌ನಲ್ಲಿ ಇದ್ದದ್ದು ಟವರ್ ಮತ್ತು ಟ್ರಾನ್ಸ್‌ಮಿಟರ್ ಮಾತ್ರ. ಸ್ಟುಡಿಯೋ ಇದ್ದದ್ದು ಸುಮಾರು 50 ಕಿಲೋಮೀಟರ್ ದೂರದ ಅಹಮದಾಬಾದಿನಲ್ಲಿ, ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ. ಆದರೆ ಕಾರ್ಯಕ್ರಮ ಹುಟ್ಟುತ್ತಿದ್ದದ್ದು ಹಳ್ಳಿಗಳಲ್ಲೇ. ತಯಾರಕರು ಮತ್ತು ಸಮಾಜ ಸಂಶೋಧಕರು ಮೊದಲು ಊರೂರು ತಿರುಗಿ ಜನರ ಕಷ್ಟಸುಖ ಕೇಳುತ್ತಿದ್ದರು. ಆಮೇಲೆ ಚಿತ್ರಕಥೆ ಬರೆಯುತ್ತಿದ್ದರು. ಪ್ರಸಾರವಾದ ಮೇಲೆ ಮತ್ತೆ ಹೋಗಿ, ಜನಕ್ಕೆ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು ಕೇಳಿಕೊಂಡು ಬಂದು ಮುಂದಿನದನ್ನು ತಿದ್ದುತ್ತಿದ್ದರು. ಹೊತ್ತೊಯ್ಯಬಹುದಾದ ಹಗುರ ಕ್ಯಾಮೆರಾಗಳು ಇದಕ್ಕೆ ಅನುಕೂಲವಾದವು. ಕೂಲಿಗೆ ಹೋಗುವವರು ಕ್ಯಾಮೆರಾದ ಮುಂದೆ ನಿಂತು, ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ತಮಗೆ ಸಿಗುತ್ತಿಲ್ಲ ಎಂದು ಹೇಳಿದರು. ಅದೇ ಊರಿನ ಜಮೀನುದಾರರೂ ಅದೇ ಸೆಟ್ಟಿನ ಮುಂದೆ ಕೂತು ಅದನ್ನು ನೋಡಬೇಕಾಯಿತು. ಅಸ್ಪೃಶ್ಯತೆ, ವರದಕ್ಷಿಣೆ, ಹೆಣ್ಣುಮಕ್ಕಳ ಬದುಕು ಎಲ್ಲವೂ ಬಂದವು. ಹೆಂಗಸರ ಸ್ವಾಭಿಮಾನದ ಕುರಿತ 'ನಾರಿ ತು ನಾರಾಯಣಿ' ಎಂಬ ಧಾರಾವಾಹಿ ಈ ಸಾಲಿನ ಹೆಸರಾಂತ ಕೆಲಸ.

ನೋಡುವ ವ್ಯವಸ್ಥೆಯಲ್ಲೂ ಜಾಣ್ಮೆ ಇತ್ತು. ಖೇಡಾ ಅಂದರೆ ಅಮುಲ್‌ನ ಜಿಲ್ಲೆ, ಆಣಂದ್ ಆಗ ಅದರೊಳಗೇ ಇತ್ತು. ಊರೂರಲ್ಲಿ ಹಾಲಿನ ಸಹಕಾರ ಸಂಘ, ಸಂಜೆಯಾದರೆ ಹಾಲು ಹಾಕಲು ಜನರ ಸಾಲು. ಸುಮಾರು 400 ಹಳ್ಳಿಗಳಿಗೆ ಕೊಟ್ಟ 600ರಷ್ಟು ಸಮುದಾಯ ಸೆಟ್ಟುಗಳಲ್ಲಿ ಬಹಳಷ್ಟು ಈ ಡೈರಿಗಳಲ್ಲೇ ಇದ್ದವು. ಜನ ಸೇರುವ ಜಾಗ ಮೊದಲೇ ಇತ್ತು, ಟಿ.ವಿ. ಅಲ್ಲಿಗೆ ಬಂತು. 1984ರಲ್ಲಿ ಈ ಯೋಜನೆಗೆ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೋ ಪ್ರಶಸ್ತಿ ಸಿಕ್ಕಿತು.

ಮರುವರ್ಷವೇ ಕೇಂದ್ರ ನಿಂತುಹೋಯಿತು. ದೂರದರ್ಶನದ ಎರಡನೇ ಚಾನೆಲ್ ಶುರುಮಾಡಲು ಪಿಜ್‌ನ ಟ್ರಾನ್ಸ್‌ಮಿಟರನ್ನು ಬಿಚ್ಚಿ ಮದ್ರಾಸಿಗೆ ಸಾಗಿಸಿದರು. ಹಳ್ಳಿಯವರು ಪ್ರತಿಭಟಿಸಿದರು, ಫಲವಾಗಲಿಲ್ಲ. ನಗರದ ಜನಕ್ಕೆ ಎರಡನೆಯ ಚಾನೆಲ್ ಕೊಡಲು ಹಳ್ಳಿಯವರ ಒಂದೇ ಚಾನೆಲ್ಲನ್ನು ಕಿತ್ತುಕೊಂಡದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಇದೇ ಹೊತ್ತಿಗೆ ದೇಶದ ತುಂಬ ಇನ್ನೂ ಚಿಕ್ಕ ಟ್ರಾನ್ಸ್‌ಮಿಟರುಗಳು ಏಳುತ್ತಿದ್ದವು. 1983ರ ಆಗಸ್ಟಿನಲ್ಲಿ ಇನ್ಸಾಟ್-1ಬಿ ಉಪಗ್ರಹ ಹಾರಿತು. 1984ರಲ್ಲಿ ದಿನಕ್ಕೊಂದು ಟ್ರಾನ್ಸ್‌ಮಿಟರ್ ಎಂಬ ವೇಗದಲ್ಲಿ ಜಿಲ್ಲಾ ಕೇಂದ್ರಗಳಿಗೆ, ತಾಲ್ಲೂಕುಗಳಿಗೆ ಟಿ.ವಿ. ಬಂತು. ಇವೇ ನಾವು ಕಂಡ ದೂರದರ್ಶನ ಮರುಪ್ರಸಾರ ಕೇಂದ್ರಗಳು. ಒಂದು ಡಿಶ್, ಒಂದು ರಿಸೀವರ್, 100 ವ್ಯಾಟ್‌ನ ಟ್ರಾನ್ಸ್‌ಮಿಟರ್, ಒಂದು ಟವರ್, ಕರೆಂಟ್ ಹೋದರೆ ಜನರೇಟರ್. ಉಪಗ್ರಹದಿಂದ ಬಂದ ದೆಹಲಿಯ ಚಿತ್ರವನ್ನು ಬೇರೆ ಚಾನೆಲ್ಲಿಗೆ ಬದಲಿಸಿ ಸುತ್ತಲೂ 10–15 ಕಿಲೋಮೀಟರ್ ದೂರಕ್ಕೆ ಹರಡುವುದಷ್ಟೇ ಅವುಗಳ ಕೆಲಸ. ಕ್ಯಾಮೆರಾ ಇರಲಿಲ್ಲ, ಸ್ಟುಡಿಯೋ ಇರಲಿಲ್ಲ. ಕೊಂಡಿ ತಪ್ಪಿದಾಗ ಪರದೆಯ ಮೇಲೆ "ರುಕಾವಟ್ ಕೆ ಲಿಯೆ ಖೇದ್ ಹೈ" ಎಂಬ ಫಲಕ ಬರುತ್ತಿತ್ತು, ಆ ಕ್ಷಮಾಪಣೆಯೂ ಹಿಂದಿಯಲ್ಲೇ. ಪಕ್ಕದ ಕೆರೆ ಒಡೆದರೂ ಅದನ್ನು ಊರಿನವರಿಗೆ ತಿಳಿಸಲು ಊರಿನ ಟವರಿಗೆ ದಾರಿ ಇರಲಿಲ್ಲ. ಯಂತ್ರದ ಲೆಕ್ಕದಲ್ಲಿ ಅವು ಪಿಜ್‌ನ ತಮ್ಮಂದಿರು. ಪಿಜ್ ಮಾಡಿದ ಕೆಲಸವನ್ನು ಮಾಡಲು ಅವುಗಳಿಗೆ ಬೇಕಿದ್ದದ್ದು ಒಂದು ಕ್ಯಾಮೆರಾ ಮತ್ತು ಅಪ್ಪಣೆ.

ಕೇಬಲ್ ಬಂತು, ಡಿಶ್ ಬಂತು, ಮಾಡಿನ ಆಂಟೆನಾಗಳು ಗುಜರಿಗೆ ಹೋದವು. ಪ್ರಸಾರ ಭಾರತಿ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ಹಂತ ಹಂತವಾಗಿ ನಿಲ್ಲಿಸಿತು. 2021ರಲ್ಲಿ ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿದಾಗ, ನಿಲ್ಲುವುದು ಟ್ರಾನ್ಸ್‌ಮಿಟರ್ ಮಾತ್ರ, ಕಾರ್ಯಕ್ರಮ ತಯಾರಿಕೆ ಮುಂದುವರಿಯುತ್ತದೆ ಎಂದು ಅದು ಸ್ಪಷ್ಟಪಡಿಸಿತು. ಆ ಮಾತು ಉಳಿಯುವಂತೆ ನೋಡಿಕೊಳ್ಳುವುದು ಆ ಭಾಗದ ನೋಡುಗರ ಕೈಯಲ್ಲೂ ಇದೆ.

ರೇಡಿಯೊದಲ್ಲಿ ಪಿಜ್‌ನ ದಾರಿ ಮತ್ತೆ ತೆರೆದಿದೆ. 2006ರ ನೀತಿಯಂತೆ ಸ್ವಯಂಸೇವಾ ಸಂಸ್ಥೆಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ಸಾಮಾನ್ಯವಾಗಿ 100 ವ್ಯಾಟ್ ಮಿತಿಯೊಳಗೆ ತಮ್ಮದೇ ಸಮುದಾಯ ಬಾನುಲಿ ನಡೆಸಬಹುದು. ಟವರಿನ ಟಿ.ವಿ.ಗೆ ಅಂಥ ಪರವಾನಗಿ ಭಾರತದಲ್ಲಿ ಇಂದಿಗೂ ಇಲ್ಲ.