ಧರ್ಮಶಾಲೆಯ ಪಾಯಿಂಟ್ ಯಾರದ್ದು?

2025ರ ಮೇ 8ರ ರಾತ್ರಿ ನಮ್ಮ ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ಒಂಬತ್ತು ಜನ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆವು. ಧರ್ಮಶಾಲೆಯಲ್ಲಿ ಪಂಜಾಬ್–ಡೆಲ್ಲಿ ಮ್ಯಾಚು. 10.1 ಓವರಿಗೆ ಪಂಜಾಬ್ 1 ವಿಕೆಟಿಗೆ 122. ಪ್ರಿಯಾಂಶ್ ಆರ್ಯ 34 ಬಾಲಿಗೆ 70 ಹೊಡೆದು ಆಗಷ್ಟೇ ಔಟಾಗಿದ್ದ. ಅಷ್ಟರಲ್ಲಿ ಮೈದಾನದ ಲೈಟು ಹೋಯಿತು. ಗಡಿಯಲ್ಲಿ ಪರಿಸ್ಥಿತಿ ಬಿಗಡಾಯಿಸಿತ್ತು, ಮ್ಯಾಚು ಅಲ್ಲಿಗೇ ನಿಂತಿತು. ಮರುದಿನ ಐಪಿಎಲ್ಲನ್ನೇ ನಿಲ್ಲಿಸಿದರು.

ಊರಿನ, ದೇಶದ ಚಿಂತೆ ಎಲ್ಲರಿಗೂ ಇತ್ತು. ಆದರೂ ಸುಳ್ಳು ಯಾಕೆ ಹೇಳಬೇಕು, ಅರ್ಧ ಗಂಟೆಯೊಳಗೆ ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಮೆಸೇಜು ಇದು: "ಆರ್ಯನ ಪಾಯಿಂಟ್ ಉಂಟಾ, ಇಲ್ಲವಾ ಮಾರಾಯ?"

ನಮ್ಮದು ಒಂಬತ್ತು ಜನರ ಫ್ಯಾಂಟಸಿ ಲೀಗ್. ದುಡ್ಡಿಲ್ಲ. ಕೊನೆಯ ಮೂವರು ಸೇರಿ ಮೊದಲ ಮೂವರಿಗೆ ಮೂಡುಬಿದಿರೆ ಪೇಟೆಯಲ್ಲಿ ಬಿರಿಯಾನಿ ತಿನ್ನಿಸಬೇಕು, ಅಷ್ಟೇ. ರನ್ನಿಗೆ ಒಂದು ಪಾಯಿಂಟ್, ವಿಕೆಟ್ಟಿಗೆ 25, ಕ್ಯಾಪ್ಟನ್‌ಗೆ ಡಬಲ್. ಜೊತೆಗೆ ಸೀಸನ್ನಿಗೆ ಒಂದೇ ಒಂದು 'ಟ್ರಿಪಲ್ ಕಾರ್ಡ್'. ಅದನ್ನು ಹಾಕಿದ ದಿನ ಕ್ಯಾಪ್ಟನ್ ಪಾಯಿಂಟ್ ಮೂರು ಪಟ್ಟು. ಲೆಕ್ಕವೆಲ್ಲ ಒಂದು ಗೂಗಲ್ ಶೀಟಿನಲ್ಲಿ, ಶೀಟು ಅಡ್ಮಿನ್ ಕೈಯಲ್ಲಿ. ಅಡ್ಮಿನ್ ನನ್ನ ರೂಮ್‌ಮೇಟ್. ಅವನಿಗೂ ಒಂದು ಟೀಮು ಇತ್ತು. ಆ ರಾತ್ರಿ ಟ್ರಿಪಲ್ ಕಾರ್ಡನ್ನು ಆರ್ಯನ ಮೇಲೆ ಹಾಕಿದ್ದವನು ಅವನೇ. 70ರ ಮೂರು ಪಟ್ಟು 210. ನಾಲ್ಕನೇ ಸ್ಥಾನದಿಂದ ಒಂದೇ ನೆಗೆತಕ್ಕೆ ಒಂದನೇ ಸ್ಥಾನ.

ಈ ತಾಪತ್ರಯ ನಾವು ಹುಟ್ಟಿಸಿದ್ದಲ್ಲ. ಈಗಿನ ಫ್ಯಾಂಟಸಿ ಆಟದ ಮೂಲ ಬೇಸ್‌ಬಾಲ್. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರ ಗೆಳೆಯರನ್ನು ಕೂಡಿಸಿಕೊಂಡು ಒಂದು ಲೀಗ್ ಶುರು ಮಾಡಿದ. ಅವರು ಸೇರುತ್ತಿದ್ದ ಹೋಟೆಲಿನ ಹೆಸರಿನಿಂದ ಅದಕ್ಕೆ ರೊಟಿಸರಿ ಲೀಗ್ ಎಂದೇ ಹೆಸರಾಯಿತು. ಅಂತಹ ಲೀಗುಗಳಲ್ಲಿ ಇಂದಿಗೂ ನಿಯಮ ನೋಡಿಕೊಳ್ಳುವವನನ್ನು ಕಮಿಷನರ್ ಅನ್ನುತ್ತಾರೆ. ಆತನೂ ಸಾಮಾನ್ಯವಾಗಿ ಒಬ್ಬ ಆಟಗಾರನೇ. ಬೇಸ್‌ಬಾಲ್ ಸೀಸನ್ನಿನಲ್ಲಿ ಒಂದೊಂದು ತಂಡಕ್ಕೆ 162 ಮ್ಯಾಚು, ಸುಮಾರು ಆರು ತಿಂಗಳು. ಅಷ್ಟು ಉದ್ದದ ಆಟದಲ್ಲಿ ಕೆಳಗಿದ್ದವರಿಗೆ ಆಸಕ್ತಿ ಹೋಗುತ್ತದೆ. ತನ್ನ ಒಳ್ಳೆಯ ಆಟಗಾರನನ್ನು ಗೆಳೆಯನಿಗೆ ಸುಮ್ಮನೆ ದಾಟಿಸಿ ಕೈತೊಳೆದುಕೊಳ್ಳುವ ಆಸೆ ಹುಟ್ಟುವುದು ಆಗಲೇ. ಆದರೆ ಪೆದ್ದು ವ್ಯಾಪಾರ ಬೇರೆ, ಒಳಒಪ್ಪಂದ ಬೇರೆ. ಪೆದ್ದುತನಕ್ಕೆ ಶಿಕ್ಷೆ ಕೊಡಲು ಹೊರಟರೆ ನಮ್ಮಲ್ಲಿ ಯಾರೂ ಉಳಿಯುವುದಿಲ್ಲ.

ದುಡ್ಡಿನ ಫ್ಯಾಂಟಸಿ ಆಟದ ಕಥೆ ಬೇರೆಯೇ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದ ಮೇಲೆ ಡ್ರೀಮ್11 ಕೂಡ ದುಡ್ಡಿನ ಸ್ಪರ್ಧೆ ನಿಲ್ಲಿಸಿತು. ಉಳಿದದ್ದು ನಮ್ಮಂತಹ ಪುಕ್ಕಟೆ ಲೀಗುಗಳು. ಇಲ್ಲಿ ಕಂಪನಿಯಿಲ್ಲ, ಕಸ್ಟಮರ್ ಕೇರ್ ಇಲ್ಲ. ಜಗಳವಾದರೆ ತೀರ್ಪು ಕೊಡಬೇಕಾದವನು ಪಕ್ಕದ ಮಂಚದಲ್ಲೇ ಮಲಗಿರುತ್ತಾನೆ.

ಮತ್ತೆ ಧರ್ಮಶಾಲೆಗೆ ಬರೋಣ. ನಮ್ಮ ನಿಯಮಗಳ ಪಟ್ಟಿಯಲ್ಲಿ ಅರ್ಧಕ್ಕೆ ನಿಂತ ಮ್ಯಾಚಿನ ಮಾತೇ ಇರಲಿಲ್ಲ. ಹಳೆಯ ಒಂದು ಉದಾಹರಣೆ ಮಾತ್ರ ಇತ್ತು. ಏಪ್ರಿಲ್ 26ರಂದು ಕೋಲ್ಕತ್ತದಲ್ಲಿ ಪಂಜಾಬ್ 201 ಹೊಡೆದ ಮೇಲೆ ಮಳೆ ಬಂದು, ಕೆಕೆಆರ್ ಒಂದೇ ಓವರ್ ಆಡಿ ಮ್ಯಾಚು ರದ್ದಾಗಿತ್ತು. ಅವತ್ತು ಬಿದ್ದ ಬಾಲಿಗೆಲ್ಲ ಪಾಯಿಂಟ್ ಕೊಟ್ಟಿದ್ದೆವು, ಯಾರೂ ತಕರಾರು ಎತ್ತಿರಲಿಲ್ಲ. ಅಡ್ಮಿನ್ ಅದನ್ನೇ ತೋರಿಸಿ 210 ಬರೆದುಕೊಂಡ. ಅವನ ವಾದದಲ್ಲಿ ಹುರುಳಿರಲಿಲ್ಲ ಅಂತ ಹೇಳಲಿಕ್ಕಾಗುವುದಿಲ್ಲ.

ಆದರೆ ಐಪಿಎಲ್ ಮೇ 17ಕ್ಕೆ ಮತ್ತೆ ಶುರುವಾಯಿತು, ಧರ್ಮಶಾಲೆಯ ಆ ಮ್ಯಾಚನ್ನು ಮೇ 24ಕ್ಕೆ ಜೈಪುರದಲ್ಲಿ ಮೊದಲ ಬಾಲಿನಿಂದ ಆಡಿಸುವುದು ಅಂತ ತೀರ್ಮಾನವಾಯಿತು. ಕೋಲ್ಕತ್ತದ ಮ್ಯಾಚು ಮತ್ತೆ ನಡೆಯಲಿಲ್ಲ, ಇದು ನಡೆಯುತ್ತದೆ. ಹಾಗಾದರೆ ಒಂದೇ ಮ್ಯಾಚಿಗೆ ಎರಡು ಸಲ ಪಾಯಿಂಟಾ?

ಗುಂಪಿನಲ್ಲಿ ಪೋಲ್ ಹಾಕಿದೆವು. 5–4. ಆರ್ಯನೋ ಪ್ರಭ್‌ಸಿಮ್ರನ್ನೋ ತಂಡದಲ್ಲಿದ್ದ ಐವರು 'ಪಾಯಿಂಟ್ ಉಂಟು' ಅಂದರು, ಇಲ್ಲದ ನಾಲ್ವರು 'ಇಲ್ಲ' ಅಂದರು. ಒಬ್ಬನೇ ಒಬ್ಬ ತನ್ನ ಲಾಭದ ವಿರುದ್ಧ ವೋಟು ಹಾಕಲಿಲ್ಲ, ನಾನೂ ಹಾಕಲಿಲ್ಲ. ಸೀಸನ್ ಶುರುವಾಗುವ ಮೊದಲೇ ಇದೇ ಪೋಲ್ ಹಾಕಿದ್ದರೆ ಅದು ನಿಯಮದ ಬಗ್ಗೆ ವೋಟು ಆಗುತ್ತಿತ್ತು. ರಿಸಲ್ಟ್ ಗೊತ್ತಾದ ಮೇಲೆ ಹಾಕಿದ್ದು ಬರೀ ತಲೆಎಣಿಕೆ. ಅಡ್ಮಿನ್ ಪೋಲಿನ ಸ್ಕ್ರೀನ್‌ಶಾಟನ್ನು ಶೀಟಿಗೆ ಅಂಟಿಸಿದ. ಬಿ.ಸಿ.ರೋಡಿನಿಂದ ಬರುವ ನಮ್ಮ ಇನ್ನೊಬ್ಬ ಗೆಳೆಯ ಗುಂಪು ಬಿಟ್ಟ, ಮೆಸ್ಸಿನಲ್ಲಿ ಟೇಬಲ್ಲೂ ಬದಲಾಯಿಸಿದ. ಅವನಿಗೂ ಅಡ್ಮಿನ್‌ಗೂ ಮೊದಲ ಸೆಮಿಸ್ಟರಿನಿಂದ ಗೆಳೆತನ. ಲ್ಯಾಬಿನಲ್ಲಿ ಒಂದೇ ಬ್ಯಾಚು, ಹಾಗಾಗಿ ಆಸಿಲೋಸ್ಕೋಪಿನ ಆಚೆ ಒಬ್ಬ, ಈಚೆ ಒಬ್ಬ, ಮಾತಿಲ್ಲ. ಬಿರಿಯಾನಿಗಾಗಿ ಎರಡು ವಾರ!

ದಾರಿ ಹೊಳೆದದ್ದು ಒಬ್ಬ ಸೀನಿಯರ್ ಅಣ್ಣನಿಂದ. ವೇಣೂರು ಕಡೆಯವರು, ಕ್ರಿಕೆಟ್ ನೋಡುವುದೇ ಇಲ್ಲ, ಕಂಬಳ ಮಾತ್ರ ಒಂದೂ ಬಿಡುವುದಿಲ್ಲ. "ನಿಮ್ಮ ಮಂಜೊಟ್ಟಿಯಲ್ಲಿ ಕೋಣದ ಯಜಮಾನನನ್ನೇ ನಿಲ್ಲಿಸಿದ್ದೀರಲ್ಲ" ಅಂತ ನಕ್ಕರು. ಗೊತ್ತಿಲ್ಲದವರಿಗೆ: ಮಂಜೊಟ್ಟಿ ಎಂದರೆ ಕಂಬಳದ ಕರೆಯಲ್ಲಿ ಓಟ ಮುಗಿಯುವ ಜಾಗ. ಎರಡು ಜೊತೆ ಕೋಣ ಕೂದಲೆಳೆಯ ಅಂತರದಲ್ಲಿ ಬಂದರೆ ಹಿಂದೆಲ್ಲ ದೊಡ್ಡ ಗಲಾಟೆಯೇ. ಈಗ ಲೇಸರ್ ಕಿರಣ, ಎಲೆಕ್ಟ್ರಾನಿಕ್ ಟೈಮರ್, ವಿಡಿಯೋ ಎಲ್ಲ ಬಂದಿದೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು ಎಂದು ನಾವು ದಶಮಾಂಶದವರೆಗೆ ಹೇಳುವುದು ಆ ಉಪಕರಣದಿಂದಲೇ. (ಅದನ್ನು ನೂರು ಮೀಟರಿಗೆ ಇಳಿಸಿ ಬೋಲ್ಟ್‌ಗೆ ಹೋಲಿಸಿದ್ದು ಇನ್ನೊಂದು ತಮಾಷೆ. ಕೋಣದ ಹಿಂದೆ ಕೆಸರಿನಲ್ಲಿ ಓಡುವುದಕ್ಕೂ ಟ್ರ್ಯಾಕಿಗೂ ಎಲ್ಲಿಯ ಹೋಲಿಕೆ?) ಕನೆಹಲಗೆಯಲ್ಲಂತೂ ಓಟದ ವೇಗ ನೋಡುವುದಿಲ್ಲ, ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಿತಾ ಎಂಬುದೇ ಲೆಕ್ಕ. ಆರೂವರೆ ಕೋಲು, ಏಳೂವರೆ ಕೋಲು ಅಂತ ನಿಶಾನೆಯ ಎತ್ತರವನ್ನು ಕೋಣ ಕರೆಗೆ ಇಳಿಯುವ ಮೊದಲೇ ಕಟ್ಟಿರುತ್ತಾರೆ. ನೀರು ಹಾರಿದ ಮೇಲೆ ಯಾರೂ ಬಟ್ಟೆಯನ್ನು ಕೆಳಗಿಳಿಸುವುದಿಲ್ಲ.

ಅಣ್ಣ ಹೇಳಿದಂತೆ ನಾನು ಒಂದು ಹೊಸ ಶೀಟು ಮಾಡಿದೆ. ಒಂಬತ್ತು ಹೆಸರು ತೆಗೆದು ಅ, ಆ, ಇ, ಈ ಅಂತ ಹಾಕಿದೆ. ಯಾರು ಯಾವ ಸ್ಥಾನದಲ್ಲಿದ್ದಾರೆ ಎನ್ನುವ ಕಾಲಂ ತೆಗೆದೆ. ಎರಡೂ ಕಡೆಯವರು ತಲಾ ಹತ್ತು ಸಾಲಿನಲ್ಲಿ ವಾದ ಬರೆದುಕೊಟ್ಟರು. ತೀರ್ಪು ಏನೇ ಬಂದರೂ ಒಪ್ಪುತ್ತೇವೆ ಅಂತ ಮೊದಲೇ ಎಲ್ಲರ ಥಂಬ್ಸ್‌ಅಪ್ ತೆಗೆದುಕೊಂಡೆವು. ಇದೆಲ್ಲ ಮುಗಿದದ್ದು ಮೇ 23ಕ್ಕೆ, ಜೈಪುರದ ಮ್ಯಾಚಿನ ಹಿಂದಿನ ದಿನ. ಒಂದು ದಿನ ತಡವಾಗಿದ್ದರೂ ಜೈಪುರದಲ್ಲಿ ಯಾರು ಎಷ್ಟು ಹೊಡೆದರು ಎಂಬುದೂ ವಾದದೊಳಗೆ ಬರುತ್ತಿತ್ತು.

ತೀರ್ಪು ನಾಲ್ಕೇ ಸಾಲು. ಮತ್ತೆ ನಡೆಯದ ಮ್ಯಾಚಿಗೆ ಕೋಲ್ಕತ್ತದ ಪದ್ಧತಿ, ಬಿದ್ದ ಬಾಲಿಗೆ ಪಾಯಿಂಟ್. ಮತ್ತೆ ನಡೆಯುವ ಮ್ಯಾಚಿಗೆ ಪೂರ್ತಿ ಆಡಿದ್ದು ಮಾತ್ರ ಲೆಕ್ಕ. ಧರ್ಮಶಾಲೆಯ ಪಾಯಿಂಟ್ ಎಲ್ಲರಿಗೂ ಹೋಗುತ್ತದೆ. ಆದರೆ ಆ ದಿನ ಖರ್ಚು ಮಾಡಿದ ಕಾರ್ಡು ವಾಪಸ್.

ಈ ನಾಲ್ಕನೇ ಸಾಲು ನಮಗ್ಯಾರಿಗೂ ಹೊಳೆದಿರಲಿಲ್ಲ. 'ಪಾಯಿಂಟ್ ಇಲ್ಲ' ಅಂತ ಕೂಗಿದ ನಾವು ನಾಲ್ವರು ಕಾರ್ಡಿನ ಸುದ್ದಿಯನ್ನೇ ಎತ್ತಿರಲಿಲ್ಲ. ಪಾಯಿಂಟ್ ಕಿತ್ತುಕೊಂಡು ಕಾರ್ಡನ್ನೂ ನುಂಗಿದ್ದರೆ, ತಪ್ಪೇ ಮಾಡದ ಅಡ್ಮಿನ್‌ಗೆ ಎರಡು ಸಲ ಪೆಟ್ಟು ಬೀಳುತ್ತಿತ್ತು. ಅವನು ನಿಯಮ ಮುರಿದಿರಲಿಲ್ಲ. ತನ್ನದೇ ವ್ಯಾಜ್ಯದಲ್ಲಿ ತಾನೇ ಜಡ್ಜ್ ಆಗಿದ್ದ, ಅಷ್ಟೇ. ಅದಕ್ಕೂ ಅರ್ಧ ಜವಾಬ್ದಾರಿ ನಮ್ಮದು, ಶೀಟು ಬರೆಯುವ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು.

ಅಡ್ಮಿನ್ ಒಂದು ಮಾತಾಡದೆ 210 ಅಳಿಸಿದ. ಎಡಿಟ್ ಹಿಸ್ಟರಿಯಲ್ಲಿ ಅದು ಈಗಲೂ ಕಾಣುತ್ತದೆ, ರಾತ್ರಿ 11.42. ಜೂನ್ 3ಕ್ಕೆ ಆರ್‌ಸಿಬಿ ಕಪ್ ಗೆದ್ದಾಗ ಅವನು ಐದನೇ ಸ್ಥಾನದಲ್ಲಿದ್ದ. ಬಿರಿಯಾನಿ ತಿನ್ನಿಸುವವರಲ್ಲೂ ಇರಲಿಲ್ಲ, ತಿನ್ನುವವರಲ್ಲೂ ಇರಲಿಲ್ಲ. ಬಿ.ಸಿ.ರೋಡಿನವನು ಮೂರನೆಯವನಾಗಿದ್ದ, ತನ್ನ ಪ್ಲೇಟಿನ ಅರ್ಧವನ್ನು ಅವನ ಕಡೆ ತಳ್ಳಿದ.

ಮುಂದಿನ ಸೀಸನ್ನಿಗೆ ನಿಯಮಗಳ ಶೀಟನ್ನು ಈಗಲೇ ಲಾಕ್ ಮಾಡಿದ್ದೇವೆ. ಸೂಪರ್ ಓವರಿನ ರನ್ನಿಗೆ ಪಾಯಿಂಟ್ ಉಂಟಾ ಎಂಬ ಒಂದು ಸಾಲು ಬಾಕಿ ಉಂಟು. ಅಣ್ಣನಿಗೆ ಬೆಂಗಳೂರಿನಲ್ಲಿ ಕೆಲಸವಾಗಿದೆ. ಶೀಟು ಕಳಿಸಿ, ಆದರೆ ಶನಿವಾರ ಬೇಡ, ಕಂಬಳಕ್ಕೆ ಊರಿಗೆ ಬರಬೇಕು ಅಂದಿದ್ದಾರೆ.