ಹೂವಿನ ಕೇಕು, ಚಹಾ ಮತ್ತು ಪತ್ತೇದಾರಿ ಕಥೆ



ಮಹಾಕೂಟವನ್ನು ಬದಾಮಿ ಸೀಮೆಯವರೆಲ್ಲರೂ ಬಲ್ಲರು. ಚಾಲುಕ್ಯರ ಕಾಲದ ಗುಡಿಗಳ ನಡುವೆ, ಊಟೆಯ ನೀರಿನಿಂದ ತುಂಬಿದ ಪುಷ್ಕರಿಣಿಯು ಅಲ್ಲಿರುವದು. ರಜೆಯ ದಿವಸವೊಂದರಲ್ಲಿ ಹಳೆಯ ವಿದ್ಯಾರ್ಥಿನಿಯರಾದ ನಾವು ಕೆಲವರು ಮಕ್ಕಳೊಡನೆ ಅಲ್ಲಿಗೆ ಹೋಗಿದ್ದೆವು. ಮರದ ನೆರಳಿನಲ್ಲಿ ಕುಳಿತು, ಮನೆಯಿಂದ ಒಯ್ದಿದ್ದ ಗುಲಾಬಿಯ ಕೇಕನ್ನು ಕೊಯ್ದು, ಚಹಾ ಕುಡಿಯುತ್ತ, ನಮ್ಮೊಳಗೊಬ್ಬಳು ಓದಿ ಹೇಳುತ್ತಿದ್ದ ಪತ್ತೇದಾರಿ ಕಥೆಯನ್ನು ಕೇಳುತ್ತಿದ್ದೆವು. ಆಗ ಚಿಕ್ಕ ಹುಡುಗಿಯೊಬ್ಬಳು ಉಡಿಯ ತುಂಬ ನಸುಗೆಂಪು ಎಸಳುಗಳನ್ನು ತಂದು, "ಅವ್ವಾ, ನಾಳಿನ ಕೇಕಿಗೆ ಇವು ಆದಾವೇ?" ಎಂದು ಕೇಳಿದಳು. ನೋಡಿದರೆ ಅವು ಕಣಗಿಲೆಯ ಎಸಳುಗಳಾಗಿದ್ದವು! ಕೂಡಲೇ ಮಗುವಿನ ಕೈ ತೊಳೆಸಿದೆವು. ಆದರೆ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಯಾವ ಹೂವು ಅಡಿಗೆಮನೆಗೆ ಸಲ್ಲುವದು, ಯಾವದು ಸಲ್ಲದು ಎಂಬದನ್ನು ಇಲ್ಲಿ ವಿವರಿಸಬೇಕೆಂದಿರುವೆವು.

ಶಿವನ ಪೂಜೆಗೆ ಎಕ್ಕ, ದತ್ತೂರಿ, ಕಣಗಿಲೆ ಈ ಹೂಗಳು ಸಲ್ಲುವವು. ಆದರೆ ಈ ಮೂರೂ ಹೊಟ್ಟೆಗೆ ವಿಷವಾಗಿರುವವು. ಕಣಗಿಲೆಯ ಬೇರು, ತೊಗಟೆ, ಎಲೆ, ಹೂ, ಬೀಜ ಇವುಗಳಲ್ಲಿ ಯಾವದನ್ನು ತಿಂದರೂ ಅದರ ವಿಷವು ಹೃದಯದ ಬಡಿತವನ್ನು ಕೆಡಿಸುವದು. ಒಣಗಿಸಿದರೂ ಬೇಯಿಸಿದರೂ ಅದು ಹೋಗದು. ಹಳದಿ ಹೂವಿನ ಕಣಗಿಲೆಯೂ ಅಂಥದ್ದೇ. ದತ್ತೂರಿಯು ಬುದ್ಧಿಯನ್ನು ಭ್ರಮೆಗೊಳಿಸುವದು. ಎಕ್ಕದ ಹಾಲು ಕಣ್ಣಿಗೂ ಕೇಡು. ಆದಕಾರಣ ಪೂಜೆಗೆ ಸಲ್ಲುವ ಹೂವೆಲ್ಲ ಊಟಕ್ಕೂ ಸಲ್ಲುವದೆಂದಾಗಲಿ, ಅಂದವಾದದ್ದೆಲ್ಲ ನಿರಪಾಯವೆಂದಾಗಲಿ ತಿಳಿಯಬಾರದು.

ಕೇಕಿಗೆ ಯೋಗ್ಯವಾದವು ನಮ್ಮ ಹಿತ್ತಲಿನ ನಾಟಿ ಗುಲಾಬಿ, ದುಂಡು ಮಲ್ಲಿಗೆ, ಕೆಂಪು ದಾಸವಾಳ. ಇವನ್ನಾದರೂ ಪೇಟೆಯ ಹಾರದಿಂದ ತೆಗೆದುಕೊಳ್ಳತಕ್ಕದ್ದಲ್ಲ. ಯಾಕಂದರೆ ಮಾರುವ ಹೂಗಳಿಗೆ ಕೀಟನಾಶಕವನ್ನು ಹೊಡೆದಿರುವ ಸಂಭವವುಂಟು. ಔಷಧ ಹೊಡೆಯದೆ ಮನೆಯಲ್ಲಿ ಬೆಳೆದ ಹೂವೇ ಉತ್ತಮ.

ಇನ್ನು ಗುಲಾಬಿಯ ಕೇಕಿನ ಕ್ರಮ. ಮೈದಾಹಿಟ್ಟು ೧೮೦ ಗ್ರಾಂ, ಬೆಣ್ಣೆ ೧೫೦ ಗ್ರಾಂ, ಸಕ್ಕರೆ ೧೫೦ ಗ್ರಾಂ, ತತ್ತಿ ೩, ಬೇಕಿಂಗ್ ಪೌಡರ್ ೧½ ಸಣ್ಣ ಚಮಚ, ಹಾಲು ೩ ದೊಡ್ಡ ಚಮಚ, ಚಿಟಿಕೆ ಉಪ್ಪು, ೨ ಯಾಲಕ್ಕಿಯ ಪುಡಿ, ೫ ಗುಲಾಬಿ ಹೂಗಳ ಎಸಳು. ಎಸಳಿನ ಬುಡದ ಬಿಳಿಯ ಭಾಗವು ಕಹಿಯಾದದ್ದರಿಂದ ಅದನ್ನು ಕತ್ತರಿಸಿ ತೆಗೆಯಬೇಕು. ಎಸಳುಗಳನ್ನು ತೊಳೆದು, ನೀರಾರಿಸಿ, ಸಕ್ಕರೆಯೊಡನೆ ತಿಕ್ಕಿ ಒಂದು ರಾತ್ರಿ ಮುಚ್ಚಿಡಬೇಕು. ಸಕ್ಕರೆಯು ಕೊಂಚ ತೇವವಾದರೆ ಬಾಧಕವಿಲ್ಲ.

ಹೀಗೇಕೆ ಮಾಡಬೇಕು? ಗುಲಾಬಿಯ ಪರಿಮಳವು ಶಾಖಕ್ಕೆ ಬೇಗನೆ ಆವಿಯಾಗಿ ಹೋಗುವಂಥದು; ಆದರೆ ಜಿಡ್ಡಿನಲ್ಲಿ ಚೆನ್ನಾಗಿ ಕರಗುವದು. ಸಕ್ಕರೆಯಲ್ಲಿ ನೆನೆದ ಎಸಳುಗಳನ್ನು ಬೆಣ್ಣೆಗೆ ಬೆರಸಿ ತಿಕ್ಕಿದರೆ ಆ ಪರಿಮಳವು ಬೆಣ್ಣೆಯಲ್ಲಿ ಸೇರಿ, ಬೆಂದ ಮೇಲೆಯೂ ಅಷ್ಟಿಷ್ಟು ಉಳಿಯುವದು.

ಬೆಣ್ಣೆ ಸಕ್ಕರೆಗಳು ಬೆಳ್ಳಗೆ ಹಗುರಾಗುವ ವರೆಗೆ ತಿಕ್ಕಬೇಕು. ಆಗ ಅದರೊಳಗೆ ಗಾಳಿಯ ಸಣ್ಣ ಗುಳ್ಳೆಗಳು ಸೇರುವವು. ತತ್ತಿಗಳನ್ನು ಒಂದೊಂದಾಗಿ ಬೆರಸತಕ್ಕದ್ದು. ಹಿಟ್ಟು, ಬೇಕಿಂಗ್ ಪೌಡರ್, ಉಪ್ಪು, ಯಾಲಕ್ಕಿಗಳನ್ನು ಕೂಡಿಸಿ ಜರಡಿ ಹಿಡಿದು, ಹಾಲಿನೊಡನೆ ಮೆಲ್ಲಗೆ ಕಲಸಬೇಕು. ಬಹಳ ಕಲಸಿದರೆ ಹಿಟ್ಟಿಗೆ ಜಿಗಿ ಬಂದು ಕೇಕು ಗಟ್ಟಿಯಾಗುವದು. ಕಾವು ತಗಲಿದಾಗ ಬೇಕಿಂಗ್ ಪೌಡರಿನಿಂದ ಹುಟ್ಟುವ ವಾಯುವು ಆ ಗುಳ್ಳೆಗಳನ್ನು ಹಿಗ್ಗಿಸುವದು. ತತ್ತಿಯೂ ಹಿಟ್ಟೂ ಬೆಂದು ಗಟ್ಟಿಯಾಗಿ ಅವುಗಳನ್ನು ಹಾಗೆಯೇ ಹಿಡಿದು ನಿಲ್ಲಿಸುವವು.

ಬೆಣ್ಣೆ ಸವರಿದ ಪಾತ್ರೆಗೆ ಇದನ್ನು ಹೊಯ್ದು, ೧೭೦ ಡಿಗ್ರಿ ಸೆಲ್ಸಿಯಸ್ ಕಾವಿನ ಒಲೆಪೆಟ್ಟಿಗೆಯಲ್ಲಿ ೪೦ರಿಂದ ೪೫ ನಿಮಿಷ ಬೇಯಿಸತಕ್ಕದ್ದು. ಒಲೆಪೆಟ್ಟಿಗೆಯಿಲ್ಲದವರು ದಪ್ಪ ಬೋಗುಣಿಯಲ್ಲಿ ಎರಡು ಬೆರಳು ಉಸುಕು ಹಾಕಿ, ಮುಚ್ಚಿ ಕಾಯಿಸಿ, ಒಳಗೆ ಸಿಂಬಿಯ ಮೇಲೆ ಪಾತ್ರೆಯನ್ನಿಟ್ಟು, ಮುಚ್ಚಳದ ಮೇಲೆ ಸ್ವಲ್ಪ ಕೆಂಡ ಹರಡಿ, ಸಣ್ಣ ಉರಿಯಲ್ಲಿ ಸುಮಾರು ಒಂದು ತಾಸು ಬೇಯಿಸಬಹುದು. ಮೊದಲ ಅರ್ಧ ತಾಸು ಮುಚ್ಚಳ ತೆಗೆಯಲೇಬಾರದು. ಗಟ್ಟಿಯಾಗುವ ಮುಂಚೆ ತಂಪು ತಗಲಿದರೆ ನಡುಭಾಗವು ಕುಸಿಯುವದು. ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯಿರಿ.

ಮೇಲಿನ ಅಲಂಕಾರಕ್ಕೆ ದಾಸವಾಳದ ಎಸಳುಗಳನ್ನು ತುಸು ಬಿಸಿನೀರಿನಲ್ಲಿ ನೆನೆಸಿ ಸೋಸಿ, ನಿಂಬೆಯ ರಸ ಹಿಂಡಿರಿ. ನೀರು ಕೆಂಪಗೆ ಹೊಳೆಯುವದು. ಇದರಲ್ಲಿ ಸಕ್ಕರೆ ಪುಡಿಯನ್ನು ಕಲಸಿ ಕೇಕಿನ ಮೇಲೆ ಹೊಯ್ಯಬಹುದು. ಆದರೆ ದಾಸವಾಳವನ್ನು ಸೋಡಾ ಬೆರಸಿದ ಹಿಟ್ಟಿನೊಳಗೆ ಹಾಕಬೇಡಿರಿ. ಅದರ ಬಣ್ಣವು ಹುಳಿಯಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ನೀಲಿಯಾಗಿಯೂ ತಿರುಗುವದರಿಂದ ಕೇಕು ಬೂದಿಬಣ್ಣವಾದೀತು.

ಅಂದು ಮಹಾಕೂಟದಲ್ಲಿ ನಾವು ಓದುತ್ತಿದ್ದದ್ದು ಅಗಾಥಾ ಕ್ರಿಸ್ಟಿಯವರ ಕಥೆ. ಈ ಆಂಗ್ಲ ಲೇಖಕಿಯು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಶಾಲೆಯಲ್ಲಿ ಕೆಲಸ ಮಾಡಿ ವಿಷಗಳ ಜ್ಞಾನವನ್ನು ಪಡೆದಿದ್ದರು. ೧೯೨೦ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿಯಲ್ಲಿ ಬರುವ ಸ್ಟ್ರಿಕ್ನಿನ್ ಎಂಬ ವಿಷವು ನಮ್ಮ ನಾಡಿನ ಕಾಸರಕದ ಬೀಜದಲ್ಲಿರುವಂಥದೇ. ೧೯೩೨ರ 'ದಿ ಥರ್ಟೀನ್ ಪ್ರಾಬ್ಲೆಮ್ಸ್' ಎಂಬ ಕಥಾಸಂಗ್ರಹದ ಒಂದು ಕಥೆಯಲ್ಲಿ, ಅಡಿಗೆಗೆ ಕೊಯ್ದ ಸೇಜ್ ಎಂಬ ಸೊಪ್ಪಿನೊಡನೆ ಫಾಕ್ಸ್‌ಗ್ಲವ್ ಎಂಬ ಹೂಗಿಡದ ಎಲೆಗಳು ಬೆರೆತು, ಉಂಡವರೆಲ್ಲರೂ ಅಸ್ವಸ್ಥರಾಗಿ ಒಬ್ಬಳು ಸಾಯುವಳು. ಫಾಕ್ಸ್‌ಗ್ಲವ್ ಗಿಡದ ವಿಷವೂ ಕಣಗಿಲೆಯ ವಿಷವೂ ಹೃದಯವನ್ನು ಬಾಧಿಸುವ ಒಂದೇ ಜಾತಿಯವು! ಅದು ಕೈತಪ್ಪೋ, ಕಪಟವೋ ಎಂಬದನ್ನು ಮಿಸ್ ಮಾರ್ಪಲ್ ಎಂಬ ಹಳ್ಳಿಯ ವೃದ್ಧೆಯು ಕುಳಿತಲ್ಲಿಯೇ ಬಿಡಿಸುವಳು. ಉತ್ತರವನ್ನು ನಾವು ಹೇಳಲಾರೆವು. ಕೇಕಿನೊಡನೆ ನೀವೇ ಓದಿರಿ.

ಆ ವೃದ್ಧೆಯ ಬಲವು ಶಸ್ತ್ರದಲ್ಲಿಲ್ಲ. ಮನೆಯನ್ನೂ ತೋಟವನ್ನೂ ಗಮನವಿಟ್ಟು ನೋಡುವ ಕಣ್ಣಿನಲ್ಲಿರುವದು. ಅದು ನಮ್ಮ ಹೆಣ್ಣುಮಕ್ಕಳಿಗೂ ಬೇಕಾದದ್ದು. ಹೂವನ್ನು ಬಾಣಲೆಗೆ ಹಾಕುವ ಮುಂಚೆ ಇದರ ಹೆಸರೇನು, ಇದು ಬೆಳೆದದ್ದೆಲ್ಲಿ, ಇದನ್ನು ಜನರು ತಿನ್ನುವರೋ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಒಂದಕ್ಕಾದರೂ ಉತ್ತರ ದೊರೆಯದಿದ್ದರೆ ಆ ಹೂವನ್ನು ಬಿಡಬೇಕು. ಮಗುವು ವಿಷದ ಹೂವನ್ನು ತಿಂದದ್ದೇ ಆದರೆ ಮನೆಮದ್ದಿಗಾಗಿ ಕಾಯದೆ, ವಾಂತಿ ಮಾಡಿಸದೆ, ಆ ಹೂವಿನ ಮಾದರಿಯನ್ನು ಹಿಡಿದುಕೊಂಡು ತಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು.

ಆ ಹುಡುಗಿಯು ಮರುದಿನ ಹಿತ್ತಲಿನ ಗುಲಾಬಿಯನ್ನು ತಾನೇ ಕೊಯ್ದು ತಂದು, ಮೂರು ಪ್ರಶ್ನೆಗಳಿಗೂ ತಾನೇ ಉತ್ತರ ಹೇಳಿದಳು. ಆ ದಿನದ ಕೇಕು ನಮಗೆಲ್ಲರಿಗೂ ಮೊದಲಿನದಕ್ಕಿಂತ ರುಚಿಯಾಗಿ ತೋರಿತು.