ಕಣ್ಣಿಗೆ ಕಾಣದ ಕೋಟಿ ಜೀವಿಗಳು: ಮಣ್ಣಿನಿಂದ ಮಾತ್ರೆಯವರೆಗೆ

ರಾತ್ರಿ ಊಟವಾದ ಮೇಲೆ ಮನೆಯ ಗೃಹಿಣಿ ರುಬ್ಬಿದ ಉದ್ದಿಗೆ ಅಕ್ಕಿತರಿ ಕಲಸಿ, ಪಾತ್ರೆಗೆ ಮುಚ್ಚಳವಿಟ್ಟು ಮಲಗುತ್ತಾಳೆ. ಬೆಳಗಾಗುವಷ್ಟರಲ್ಲಿ ಅರ್ಧ ಪಾತ್ರೆಯಿದ್ದ ಹಿಟ್ಟು ಉಬ್ಬಿ ಅಂಚಿಗೆ ಬಂದಿರುತ್ತದೆ. ಪಕ್ಕದಲ್ಲಿಟ್ಟ ಹಾಲು, ಒಂದು ಚಮಚ ಹೆಪ್ಪಿನ ಬಲದಿಂದ ಗಟ್ಟಿ ಮೊಸರಾಗಿರುತ್ತದೆ. ಮನೆಯವರೆಲ್ಲ ನಿದ್ರೆಯಲ್ಲಿದ್ದಾಗ ಈ ಕೆಲಸ ಮಾಡಿದವರು ಯಾರು? ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಹೊಲದಲ್ಲಿ ಶೇಂಗಾ ಗಿಡಕ್ಕೆ ಗೊಬ್ಬರ ಒದಗಿಸುವವು, ಮಗುವಿಗೆ ಜ್ವರ ತರುವವು, ಆ ಜ್ವರಕ್ಕೆ ವೈದ್ಯರು ಕೊಡುವ ಎಷ್ಟೋ ಔಷಧಿಗಳನ್ನು ಮೊದಲು ತಯಾರಿಸಿದವು, ಎಲ್ಲವೂ ಇದೇ ಸೂಕ್ಷ್ಮಲೋಕದ ನಿವಾಸಿಗಳೇ.

ಈ ಲೋಕವನ್ನು ಮೊದಲು ಕಂಡವರು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಒಬ್ಬ ಬಟ್ಟೆ ವ್ಯಾಪಾರಿ, ಆಂಟೋನಿ ವಾನ್ ಲೇವನ್‌ಹುಕ್. ತಾವೇ ಉಜ್ಜಿ ಸಿದ್ಧಪಡಿಸಿದ ಮಸೂರದ ಮೂಲಕ ನೀರಿನ ಹನಿಯಲ್ಲಿ ಓಡಾಡುವ ಜೀವಿಗಳನ್ನು ನೋಡಿ, 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅವರು ಪತ್ರ ಬರೆದರು. ಹಾಲು ಹುಳಿಯಾಗುವುದು ಜೀವಿಗಳ ಕೆಲಸವೆಂದು 1857ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿದರು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕ್ಷಯರೋಗಕ್ಕೆ ಕಾರಣವಾದ ರೋಗಾಣುವನ್ನು ಗುರುತಿಸಿದರು. ಅಂದಿನಿಂದ ‘ಸೂಕ್ಷ್ಮಜೀವಿ’ ಎಂದೊಡನೆ ರೋಗವೇ ಜನರ ನೆನಪಿಗೆ ಬರತೊಡಗಿತು. ಅದು ಅರ್ಧಸತ್ಯ ಮಾತ್ರ ಎಂಬುದನ್ನು ಇತ್ತೀಚಿನ ಸಂಶೋಧನೆಗಳು ದಿನೇ ದಿನೇ ಸ್ಪಷ್ಟಪಡಿಸುತ್ತಿವೆ.

ಅಡುಗೆಮನೆಯ ಸಹಾಯಕರು

ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ತಿನಿಸಿನ ಹೆಸರು ಬರುತ್ತದೆ. ಇಂದಿನ ಇಡ್ಲಿಯ ಹಿಟ್ಟು ಉಬ್ಬುವುದರ ಗುಟ್ಟನ್ನು ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದಲ್ಲಿ ಬಿಡಿಸಿದರು. ಹಿಟ್ಟಿಗೆ ನಾವು ಹೊರಗಿನಿಂದ ಯಾವ ಹುದುಗನ್ನೂ ಸೇರಿಸುವುದಿಲ್ಲ. ಉದ್ದು ಮತ್ತು ಅಕ್ಕಿಯ ಜೊತೆಯಲ್ಲಿಯೇ ಬಂದ ಬ್ಯಾಕ್ಟೀರಿಯಗಳು ನೀರು ಮತ್ತು ಬೆಚ್ಚನೆಯ ಆಸರೆ ದೊರೆತೊಡನೆ ವೃದ್ಧಿಯಾಗುತ್ತವೆ. ಅವುಗಳಲ್ಲಿ ‘ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್’ ಎಂಬುದು ಪ್ರಮುಖವೆಂದು 1965ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಇದು ಹಿಟ್ಟಿನ ಸಕ್ಕರೆಯ ಅಂಶವನ್ನು ಬಳಸಿಕೊಂಡು ಆಮ್ಲವನ್ನೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಉತ್ಪಾದಿಸುತ್ತದೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಆ ಅನಿಲ ಹಾರಿಹೋಗದಂತೆ ಹಿಡಿದಿಡುವ ಕೆಲಸ ಉದ್ದಿನದು. ಅದರಲ್ಲಿರುವ ವಿಶೇಷ ಪ್ರೋಟೀನು ಮತ್ತು ಅಂಟಿನಂಥ ಪದಾರ್ಥಗಳೇ ಈ ನೊರೆಯನ್ನು ಕಾಯುತ್ತವೆಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಉದ್ದು ಕಡಿಮೆಯಾದರೆ ಇಡ್ಲಿ ಕಲ್ಲಾಗುವುದು ಇದಕ್ಕೇ.

ಹುಳಿಯು ಕೇವಲ ರುಚಿಗಲ್ಲ. ಆಮ್ಲವಿರುವಲ್ಲಿ ಹಲವು ರೋಗಾಣುಗಳು ಬೆಳೆಯಲಾರವು. ಹಾಗೆಂದು ಅಡುಗೆಮನೆಯ ಎಲ್ಲ ಸೂಕ್ಷ್ಮಜೀವಿಗಳೂ ಮಿತ್ರರಲ್ಲ. ಬೇಯಿಸಿದ ಅನ್ನದಲ್ಲಿ ‘ಬ್ಯಾಸಿಲಸ್ ಸೀರಿಯಸ್’ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಕುದಿಯುವ ನೀರನ್ನೂ ಸಹಿಸಿ ಉಳಿಯಬಲ್ಲವು. ಅನ್ನವನ್ನು ಉಗುರುಬೆಚ್ಚಗೆ ಬಹಳ ಹೊತ್ತು ಬಿಟ್ಟರೆ ಅವು ಮೊಳೆತು ವಿಷವಸ್ತುವನ್ನು ಉಂಟುಮಾಡುತ್ತವೆ. ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ಹಸಿ ಹಾಲಿನ ಮೂಲಕ ದನಕರು, ಆಡುಗಳಿಂದ ಮನುಷ್ಯರಿಗೆ ಬರುವ ಬ್ರುಸೆಲ್ಲೋಸಿಸ್ ತಿಂಗಳುಗಟ್ಟಲೆ ಜ್ವರ, ಕೀಲುನೋವುಗಳಿಂದ ಪೀಡಿಸುತ್ತದೆ. ಹಾಲನ್ನು ಕಾಯಿಸಿಯೇ ಕುಡಿಯಬೇಕೆಂಬ ಹಿರಿಯರ ಕಟ್ಟುಪಾಡಿನಲ್ಲಿ ಎಂಥ ವಿವೇಕವಿತ್ತು!

ಮಳೆಯ ಘಮ, ಬೇರಿನ ಗಂಟು

ಮುಂಗಾರಿನ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಘಮವನ್ನು ಅರಿಯದ ರೈತನಿಲ್ಲ. ಆ ಕಂಪಿನ ಮುಖ್ಯ ಅಂಶ ‘ಜಿಯೋಸ್ಮಿನ್’ ಎಂಬ ವಸ್ತು. ಅದನ್ನು ತಯಾರಿಸುವುದು ಮಣ್ಣಿನಲ್ಲಿರುವ ‘ಸ್ಟ್ರೆಪ್ಟೊಮೈಸಿಸ್’ ಗುಂಪಿನ ಬ್ಯಾಕ್ಟೀರಿಯಗಳು. ಇವು ಏಕೆ ಹೀಗೆ ಸುಗಂಧ ಬೀರುತ್ತವೆ ಎಂಬ ಪ್ರಶ್ನೆಗೆ 2020ರಲ್ಲಿ ಒಂದು ಉತ್ತರ ದೊರೆಯಿತು. ಮಣ್ಣಿನಲ್ಲಿ ಚಿಮ್ಮುತ್ತ ಓಡಾಡುವ ಅತಿಸಣ್ಣ ಜೀವಿಗಳು ಆ ವಾಸನೆಗೆ ಮರುಳಾಗಿ ಬಂದು ಬ್ಯಾಕ್ಟೀರಿಯವನ್ನು ತಿನ್ನುತ್ತವೆ. ತಿಂದು, ಮೈಗೆ ಅಂಟಿಸಿಕೊಂಡು, ಅದರ ಬೀಜಾಣುಗಳನ್ನು ಬೇರೆಡೆಗೆ ಒಯ್ದು ಹರಡುತ್ತವೆ. ಹೂವು ದುಂಬಿಯನ್ನು ಕರೆಯುವಂತೆಯೇ ಇದು.

ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ನೂರು ಕೋಟಿಯವರೆಗೂ ಬ್ಯಾಕ್ಟೀರಿಯಗಳಿರಬಹುದು. ಇವುಗಳಲ್ಲಿ ರೈತನಿಗೆ ಅತ್ಯಂತ ಹತ್ತಿರದ ನೆಂಟ ‘ರೈಜೋಬಿಯಂ’. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78 ಭಾಗ ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ಉಪಯೋಗಿಸಲಾರದು. ತೊಗರಿ, ಕಡಲೆ, ಹೆಸರು, ಶೇಂಗಾ ಮೊದಲಾದ ದ್ವಿದಳ ಗಿಡಗಳ ಬೇರಿನಲ್ಲಿ ರೈಜೋಬಿಯಂ ಮತ್ತು ಅದರ ಬಂಧುಗಳು ಗಂಟು ಕಟ್ಟಿ ನೆಲೆಸುತ್ತವೆ. ಗಿಡದಿಂದ ಸಕ್ಕರೆ ಪಡೆದು, ಪ್ರತಿಯಾಗಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸಿ ಕೊಡುತ್ತವೆ. ಗಂಟನ್ನು ಉಗುರಿನಿಂದ ಸೀಳಿ ನೋಡಿದಾಗ ಒಳಗೆ ನಸುಗೆಂಪು ಬಣ್ಣ ಕಂಡರೆ ಕೆಲಸ ನಡೆದಿದೆ ಎಂದರ್ಥ. ಬಿಳಿಚಿಕೊಂಡಿದ್ದರೆ ಗಂಟು ಸೋಮಾರಿ. ಜೋಳದಲ್ಲಿ ತೊಗರಿಯನ್ನೂ ರಾಗಿಯಲ್ಲಿ ಅವರೆಯನ್ನೂ ಅಕ್ಕಡಿಯಾಗಿ ಬಿತ್ತುವ ನಮ್ಮ ರೂಢಿಗೆ ಇದೇ ಆಧಾರ. ಬಿತ್ತನೆ ಬೀಜಕ್ಕೆ ಬೆಲ್ಲದ ಅಂಟಿನೊಡನೆ ರೈಜೋಬಿಯಂ ಲೇಪಿಸಿ ನೆರಳಿನಲ್ಲಿ ಆರಿಸಿ ಬಿತ್ತುವ ಕ್ರಮವನ್ನು ಕೃಷಿ ವಿಶ್ವವಿದ್ಯಾಲಯಗಳು ಬಹುಕಾಲದಿಂದ ಹೇಳಿಕೊಡುತ್ತ ಬಂದಿವೆ.

ಧಾನ್ಯದ ಪೈರಿಗೂ ಇಂಥ ಭಾಗ್ಯವಿದೆಯೇ? ಮೆಕ್ಸಿಕೋ ದೇಶದ ಒಹಾಕಾ ಪ್ರಾಂತ್ಯದ ಗುಡ್ಡಗಾಡಿನಲ್ಲಿ ಅಲ್ಲಿನ ಮೂಲನಿವಾಸಿಗಳು ತಲೆಮಾರುಗಳಿಂದ ಒಂದು ಜಾತಿಯ ಗೋವಿನಜೋಳವನ್ನು ಬಡನೆಲದಲ್ಲಿ ಬೆಳೆಯುತ್ತಿದ್ದಾರೆ. ಎತ್ತರದ ಆ ಗಿಡದ ಕಾಂಡದಲ್ಲಿ ನೆಲದಿಂದ ಮೇಲೆಯೇ ಬೇರುಗಳು ಮೂಡಿ ಲೋಳೆಯನ್ನು ಸುರಿಸುತ್ತವೆ. ಆ ಲೋಳೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳ ನೆರವಿನಿಂದ ಗಿಡವು ತನಗೆ ಬೇಕಾದ ಸಾರಜನಕದಲ್ಲಿ ಶೇ. 29ರಿಂದ 82ರಷ್ಟನ್ನು ಗಾಳಿಯಿಂದಲೇ ಪಡೆಯುತ್ತದೆಂದು 2018ರ ಸಂಶೋಧನೆ ತಿಳಿಸಿತು. ಈ ಗುಣವನ್ನು ಇತರ ಧಾನ್ಯಗಳಿಗೂ ತರಲು ಸಾಧ್ಯವಾದರೆ ಯೂರಿಯಾ ಗೊಬ್ಬರದ ಹೊರೆ ಎಷ್ಟು ತಗ್ಗೀತೆಂದು ಊಹಿಸಬಹುದು.

ಮಣ್ಣಿನಿಂದ ಬಂದ ಮದ್ದು

ಮಣ್ಣಿನಲ್ಲಿ ಮದ್ದೂ ಇದೆ. ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿದ್ಯಾಲಯದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಶಿಷ್ಯ ಆಲ್ಬರ್ಟ್ ಶಾಟ್ಜ್ 1943ರಲ್ಲಿ, ಗೊಬ್ಬರ ಬೆರೆತ ಹೊಲದ ಮಣ್ಣಿನಲ್ಲಿದ್ದ ಒಂದು ಸ್ಟ್ರೆಪ್ಟೊಮೈಸಿಸ್‌ನಿಂದ ‘ಸ್ಟ್ರೆಪ್ಟೊಮೈಸಿನ್’ ಎಂಬ ಔಷಧವನ್ನು ಪಡೆದರು. ಅಲ್ಲಿಯವರೆಗೆ ಮದ್ದೇ ಇಲ್ಲವೆನಿಸಿದ್ದ ಕ್ಷಯಕ್ಕೆ ಅದು ಮೊದಲ ಮದ್ದಾಯಿತು. ಮಳೆಯ ಘಮವನ್ನೂ ಕ್ಷಯದ ಔಷಧವನ್ನೂ ಕೊಟ್ಟದ್ದು ಒಂದೇ ಕುಲ! ನಮ್ಮಲ್ಲಿಯೂ ಪುಣೆ ಸಮೀಪದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿ ಎಂ. ಜೆ. ತಿರುಮಲಾಚಾರ್ ಮತ್ತು ಅವರ ಸಂಗಡಿಗರು ಇದೇ ಕುಲದ ಮಣ್ಣಿನ ಜೀವಿಯೊಂದರಿಂದ ಶಿಲೀಂಧ್ರ ಸೋಂಕುಗಳಿಗೆ ‘ಹ್ಯಾಮೈಸಿನ್’ ಎಂಬ ಔಷಧವನ್ನು ಕಂಡುಹಿಡಿದರು.

ಆದರೆ ಸ್ಟ್ರೆಪ್ಟೊಮೈಸಿನ್ ಬಂದ ಕೆಲವೇ ವರ್ಷಗಳಲ್ಲಿ ಒಂದು ಪಾಠವನ್ನೂ ಕಲಿಸಿತು. ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಔಷಧ ಪಡೆದ 55 ಕ್ಷಯರೋಗಿಗಳಲ್ಲಿ ಆರು ತಿಂಗಳೊಳಗೆ 4 ಮಂದಿ ಮಾತ್ರ ಸತ್ತರು. ಪಡೆಯದ 52 ಮಂದಿಯಲ್ಲಿ ಸತ್ತವರು 14. ಆದರೆ ಔಷಧ ಪಡೆದ ಅನೇಕರಲ್ಲಿ ರೋಗಾಣು ಬೇಗನೆ ಅದಕ್ಕೆ ಒಗ್ಗಿಕೊಂಡು, ರೋಗ ಮತ್ತೆ ತಲೆಯೆತ್ತಿತು. ಒಂದೇ ಮದ್ದು ಸಾಲದು, ಎರಡು ಮೂರು ಮದ್ದುಗಳನ್ನು ಒಟ್ಟಿಗೆ ಕೊಡಬೇಕು ಎಂಬ ಇಂದಿನ ಕ್ರಮ ಹೀಗೆ ಹುಟ್ಟಿತು. ಕ್ಷಯರೋಗಿ ಆಸ್ಪತ್ರೆ ಸೇರದೆ ಮನೆಯಲ್ಲಿದ್ದೇ ಮಾತ್ರೆ ನುಂಗಿ ಗುಣಹೊಂದಬಹುದು, ಅದರಿಂದ ಮನೆಯವರಿಗೆ ಹೆಚ್ಚಿನ ಅಪಾಯವಿಲ್ಲ ಎಂಬುದನ್ನು 1959ರಲ್ಲಿ ಜಗತ್ತಿಗೆ ತೋರಿಸಿಕೊಟ್ಟದ್ದು ಮದರಾಸಿನಲ್ಲಿ ನಡೆದ ಅಧ್ಯಯನ. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಇಷ್ಟಾದರೂ ಜಗತ್ತಿನ ಹೊಸ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಇಂದಿಗೂ ಭಾರತದಲ್ಲಿದ್ದಾರೆ.

ಮದ್ದಿಗೆ ಮಣಿಯದ ರೋಗಾಣು

ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸುತ್ತ ಮಾಡಿದ ಭಾಷಣದಲ್ಲಿಯೇ, ಅರೆಕೊರೆ ಪ್ರಮಾಣದಲ್ಲಿ ಔಷಧ ಸೇವಿಸಿದರೆ ರೋಗಾಣುಗಳು ಅದನ್ನು ಎದುರಿಸಲು ಕಲಿಯುತ್ತವೆಂದು ಎಚ್ಚರಿಸಿದ್ದರು. ಅವರ ಮಾತು ಇಂದು ನಿಜವಾಗಿದೆ. ಔಷಧದಿಂದ ದುರ್ಬಲ ರೋಗಾಣುಗಳು ಮೊದಲು ಸಾಯುತ್ತವೆ. ತಡೆದುಕೊಳ್ಳುವ ಶಕ್ತಿಯುಳ್ಳ ಕೆಲವು ಉಳಿಯುತ್ತವೆ. ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತೇ ನಿಮಿಷಕ್ಕೆ ಇಮ್ಮಡಿಯಾಗುವುದರಿಂದ ಉಳಿದವುಗಳ ಸಂತತಿಯೇ ಬೇಗ ತುಂಬಿಕೊಳ್ಳುತ್ತದೆ. ಅಷ್ಟೇ ಅಲ್ಲ, ಈ ಶಕ್ತಿಯ ಗುಟ್ಟನ್ನು ಹೊತ್ತ ವಂಶವಾಹಿಯನ್ನು ಅವು ಬೇರೆ ಜಾತಿಯ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲವು.

ಇದು ಅವುಗಳಿಗೆ ಹೊಸ ವಿದ್ಯೆಯೂ ಅಲ್ಲ. ಕೆನಡಾದ ಯೂಕಾನ್ ಪ್ರದೇಶದಲ್ಲಿ 30,000 ವರ್ಷಗಳಿಂದ ಹಿಮಗಟ್ಟಿದ್ದ ಮಣ್ಣಿನಲ್ಲಿಯೂ ಇಂಥ ವಂಶವಾಹಿಗಳು ದೊರೆತುದನ್ನು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ವಿಷ ಹುಟ್ಟಿದಲ್ಲಿಯೇ ಅದಕ್ಕೆ ತಡೆಯೂ ಹುಟ್ಟಿತ್ತು. ಆ ಹಳೆಯ ವಿದ್ಯೆಗೆ ನಮ್ಮ ಅತಿಬಳಕೆ ರಾಜಮಾರ್ಗ ಹಾಕಿಕೊಟ್ಟಿತು. 2019ನೆಯ ವರ್ಷದಲ್ಲಿ ಮದ್ದಿಗೆ ಮಣಿಯದ ಬ್ಯಾಕ್ಟೀರಿಯಗಳಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಮಡಿದರೆಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಕೋಳಿ, ದನಗಳ ಸಾಕಣೆಯಲ್ಲಿಯೂ ಈ ಔಷಧಗಳ ಬಳಕೆ ಬೆಳೆದುದರಿಂದ, ಕಡೆಯ ಆಸರೆಯಾದ ‘ಕೊಲಿಸ್ಟಿನ್’ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು.

ಹೊಸ ಮದ್ದಿಗಾಗಿ ವಿಜ್ಞಾನಿಗಳು ಮತ್ತೆ ಮಣ್ಣಿಗೇ ಮರಳಿದ್ದಾರೆ. ಮಣ್ಣಿನ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಅಮೆರಿಕದ ಬಾಸ್ಟನ್ನಿನ ಕಿಮ್ ಲೂಯಿಸ್ ಮತ್ತು ಸಂಗಡಿಗರು ಅವುಗಳನ್ನು ಪುಟ್ಟ ಗೂಡುಗಳಲ್ಲಿರಿಸಿ, ಮಣ್ಣಿನೊಳಗೇ ಹೂತು ಬೆಳೆಸುವ ಉಪಾಯ ಮಾಡಿದರು. ಹೀಗೆ ಹುಲ್ಲುಗಾವಲಿನ ಮಣ್ಣಿನಿಂದ ದೊರೆತ ‘ಟೀಕ್ಸೊಬ್ಯಾಕ್ಟಿನ್’ ಎಂಬ ಹೊಸ ವಸ್ತುವಿನ ಸುದ್ದಿ 2015ರಲ್ಲಿ ಪ್ರಕಟವಾಯಿತು. ಆದರೆ ಇಂಥ ವಸ್ತುವೊಂದು ಔಷಧವಾಗಿ ರೋಗಿಯ ಕೈಸೇರಲು ಹಲವು ವರ್ಷಗಳ ಪರೀಕ್ಷೆ ಬೇಕು. ಅಲ್ಲಿಯವರೆಗೆ ಇರುವ ಮದ್ದನ್ನು ಉಳಿಸಿಕೊಳ್ಳುವುದೇ ಜಾಣತನ.

ಹೊಟ್ಟೆಯೊಳಗಿನ ಸಂಸಾರ

ನಮ್ಮ ಶರೀರದಲ್ಲಿಯೂ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ, ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ ಎಂದು 2016ರ ಲೆಕ್ಕಾಚಾರ ಹೇಳುತ್ತದೆ. ಬಹುಪಾಲು ಬ್ಯಾಕ್ಟೀರಿಯಗಳ ವಾಸ ದೊಡ್ಡ ಕರುಳಿನಲ್ಲಿ. ಬಾಂಗ್ಲಾದೇಶದ ಢಾಕಾ ನಗರದ ಕೊಳೆಗೇರಿಯ ಅಪೌಷ್ಟಿಕ ಮಕ್ಕಳ ಕರುಳಿನಲ್ಲಿ ಈ ಜೀವಿಗಳ ಸಂಸಾರ ಪೂರ್ತಿ ಬೆಳೆದಿರುವುದಿಲ್ಲವೆಂದು ಕಂಡ ಜೆಫ್ರಿ ಗಾರ್ಡನ್ ಹಾಗೂ ತಹಮೀದ್ ಅಹ್ಮದ್ ಅವರ ತಂಡ, ಆ ಜೀವಿಗಳಿಗೆ ಹಿತವಾದ ಆಹಾರವನ್ನು ಹುಡುಕಿತು. ಕಡಲೆಹಿಟ್ಟು, ಶೇಂಗಾ, ಸೋಯಾ ಮತ್ತು ಬಾಳೆಕಾಯಿಗಳೇ ಅದರ ಮುಖ್ಯ ಸಾಮಗ್ರಿ. ರೂಢಿಯ ಪೂರಕ ಆಹಾರಕ್ಕಿಂತ ಇದರಲ್ಲಿ ಶಕ್ತಿಯ ಪ್ರಮಾಣ ಕಡಿಮೆಯಿದ್ದರೂ, ಮಕ್ಕಳ ತೂಕ ಹೆಚ್ಚು ಚೆನ್ನಾಗಿ ಏರಿತೆಂದು 2021ರ ವರದಿ ತಿಳಿಸಿತು. ನಮ್ಮ ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಒಂದು ವಾರ ಕಾಲ ಹಿತಕರ ಬ್ಯಾಕ್ಟೀರಿಯವನ್ನೂ ಅದರ ಆಹಾರವನ್ನೂ ಕೊಟ್ಟಾಗ, ರಕ್ತದ ನಂಜು ಅಥವಾ ಮರಣಕ್ಕೆ ತುತ್ತಾದ ಶಿಶುಗಳ ಪ್ರಮಾಣ ಶೇ. 9ರಿಂದ 5.4ಕ್ಕೆ ಇಳಿಯಿತೆಂದು 2017ರಲ್ಲಿ ಪ್ರಕಟವಾಯಿತು. ಇದು ವೈದ್ಯರ ನಿಗಾದಲ್ಲಿ ಆರಿಸಿದ ಒಂದು ತಳಿಯಿಂದ ನಡೆದ ಪ್ರಯೋಗ. ಮನೆಯಲ್ಲಿ ಯಾರೂ ಹಸುಗೂಸಿಗೆ ಮಾಡಿ ನೋಡತಕ್ಕದ್ದಲ್ಲ.

ನಮ್ಮ ಕೈಯಲ್ಲಿರುವುದು

ನೆಗಡಿ, ಫ್ಲೂ ಜ್ವರಗಳು ವೈರಸ್ಸಿನಿಂದ ಬರುವುವು. ಬ್ಯಾಕ್ಟೀರಿಯ ಕೊಲ್ಲುವ ಮಾತ್ರೆಗಳಿಂದ ಅವು ಗುಣವಾಗುವುದಿಲ್ಲ. ಆದರೂ ಕಳೆದ ಸಲ ಉಳಿದ ಅರ್ಧ ಪಟ್ಟಿ ಮಾತ್ರೆಯನ್ನು ಕಪಾಟಿನಿಂದ ತೆಗೆದು ಮಗುವಿಗೆ ನುಂಗಿಸುವ, ನೆರೆಮನೆಯವರ ಚೀಟಿ ತೋರಿಸಿ ಅಂಗಡಿಯಲ್ಲಿ ಮಾತ್ರೆ ಕೊಳ್ಳುವ ಅಭ್ಯಾಸ ವಿದ್ಯಾವಂತರ ಮನೆಗಳಲ್ಲಿಯೂ ಇದೆ. ಇದನ್ನು ಬಿಡಬೇಕು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಮಾತ್ರೆ ಸೇವಿಸಬೇಕು. ಕ್ಷಯದ ಔಷಧವನ್ನಂತೂ ಕೆಮ್ಮು ನಿಂತಿತೆಂದು ನಡುವೆ ನಿಲ್ಲಿಸಲೇಬಾರದು. ಹಸುವಿನ ಕೆಚ್ಚಲು ಬಾವಿಗೆ ಚುಚ್ಚುಮದ್ದು ಹಾಕಿಸಿದಾಗ ಪಶುವೈದ್ಯರು ಹೇಳಿದ ದಿನಗಳವರೆಗೆ ಆ ಹಾಲನ್ನು ಡೇರಿಗೆ ಹಾಕಬಾರದು, ಮನೆಯಲ್ಲಿಯೂ ಬಳಸಬಾರದು. ಧನುರ್ವಾಯುವಿನ ಬೀಜಾಣು ಮಣ್ಣಿನಲ್ಲಿಯೇ ಇರುವುದರಿಂದ, ಹೊಲದಲ್ಲಿ ಕುಡುಗೋಲು ತಾಗಿ ಗಾಯವಾದಾಗ ಅರಿಶಿನ ಮೆತ್ತಿ ಸುಮ್ಮನಾಗದೆ, ತೊಳೆದು, ಆಸ್ಪತ್ರೆಗೆ ಹೋಗಿ ಲಸಿಕೆಯ ವಿಚಾರ ಕೇಳಬೇಕು. ಲಸಿಕೆ ಮತ್ತು ಶುಚಿಯಾದ ಹೆರಿಗೆಗಳ ಬಲದಿಂದ ಬಾಣಂತಿ ಹಾಗೂ ಹಸುಗೂಸುಗಳ ಧನುರ್ವಾಯುವನ್ನು ಭಾರತ 2015ರಲ್ಲಿ ಹತೋಟಿಗೆ ತಂದ ಸಾಧನೆ ನಮ್ಮ ಕಣ್ಣ ಮುಂದಿದೆ. ಸೋಪು ಹಚ್ಚಿ ಕೈ ತೊಳೆಯುವುದು, ಕುದಿಸಿದ ನೀರು, ಕಾಯಿಸಿದ ಹಾಲು ಎಂದಿಗೂ ಹಳತಾಗದ ಮದ್ದುಗಳು. ಸೋಂಕೇ ಬಾರದಿದ್ದರೆ ಮಾತ್ರೆಯ ಅಗತ್ಯವೂ ಇಲ್ಲವಷ್ಟೆ.

ಅಜ್ಜಿ ಮೊಸರಿನ ಗಡಿಗೆಯನ್ನು ಎಂದೂ ಪೂರ್ತಿ ಬರಿದು ಮಾಡುತ್ತಿರಲಿಲ್ಲ; ನಾಳೆಯ ಹೆಪ್ಪಿಗೆಂದು ಒಂದು ಚಮಚ ತೆಗೆದಿಡುತ್ತಿದ್ದಳು. ಮಣ್ಣು ಕೊಟ್ಟ ಮದ್ದಿನ ವಿಷಯದಲ್ಲಿಯೂ ನಾವು ಅಷ್ಟೇ ಜತನ ತೋರಬೇಕಾಗಿದೆ. ಇಂದು ಅಗತ್ಯವಿಲ್ಲದೆ ನುಂಗಿದ ಮಾತ್ರೆ, ನಾಳೆ ನಿಜವಾಗಿ ಬೇಕಾದಾಗ ನಮ್ಮ ಮಕ್ಕಳಿಗೆ ಕೆಲಸಕ್ಕೆ ಬಾರದೆ ಹೋಗಬಹುದು.